ನಂಬಿಕೆಗೆ ತಕ್ಕ ಸಣ್ಣ ಕಾರು

ನಮ್ಮ ಕಾಲೇಜಿನ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ನನ್ನ ಹಳೆಯ ಕಾರನ್ನು ಬಲ್ಲರು. ಬಲ್ಲರು ಎನ್ನುವುದಕ್ಕಿಂತ ತಳ್ಳಬಲ್ಲರು ಎಂದರೆ ಹೆಚ್ಚು ಸರಿಯಾದೀತು. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಅಂತಿಮ ಬಿ.ಎ. ತರಗತಿಯ ನಾಲ್ವರು ದೃಢಕಾಯರು, ಯಾರೂ ಕರೆಯದೆಯೇ, ಅದರ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಅರ್ಥಶಾಸ್ತ್ರ ಬೋಧಿಸುವ ಮನುಷ್ಯ ಇಂಥ ವ್ಯಾಪಾರದಲ್ಲಿ ಸಿಕ್ಕಿಬಿದ್ದದ್ದು ಹೇಗೆ, ಬಿಡಿಸಿಕೊಂಡದ್ದು ಹೇಗೆ ಎಂದು ಅವರು ಒಮ್ಮೆ ಕೇಳಿದ್ದರು. ತರಗತಿಯಲ್ಲಿ ಉತ್ತರ ಹೇಳಲು ಸಂಕೋಚವಾಯಿತು. ಈ ಸಂಚಿಕೆಯ ಮೂಲಕ ಹೇಳಿ ಋಣ ತೀರಿಸುತ್ತೇನೆ.

ಮೊದಲು ಒಂದು ಮಾತು. ಕಾರು ನನಗೆ ಭೋಗದ ವಸ್ತುವಾಗಿರಲಿಲ್ಲ. ನನ್ನ ತಾಯಿಯವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಮಂಗಳವಾರ ಮತ್ತು ಶುಕ್ರವಾರ ಅವರನ್ನು 46 ಕಿಲೋಮೀಟರು ದೂರದ ಜಿಲ್ಲಾ ಕೇಂದ್ರಕ್ಕೆ ಡಯಾಲಿಸಿಸ್ಸಿಗೆ ಕರೆದೊಯ್ಯಬೇಕು. ದೇಹದಲ್ಲಿ ಮೂತ್ರಪಿಂಡ ಹಗಲಿರುಳೂ ಮಾಡುವ ಕೆಲಸವನ್ನು ಅಲ್ಲಿ ಯಂತ್ರವೊಂದು ಸುಮಾರು ನಾಲ್ಕು ಗಂಟೆಗಳಲ್ಲಿ ಮಾಡಿಕೊಡುತ್ತದೆ. ಒಂದು ಸರದಿ ತಪ್ಪಿತೆಂದರೆ ಮೈಯಲ್ಲಿ ನೀರು ನಿಲ್ಲುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ ಒದಗಬಹುದು. ಮೊದಲ ಕೆಲವು ತಿಂಗಳು ಬಸ್ಸಿನಲ್ಲಿ ಹೋಗಿಬಂದೆವು. ಹೋಗುವಾಗ ಹೇಗೋ ಹೋಗುತ್ತಿದ್ದರು; ಬರುವಾಗ ಅವರಿಗೆ ಕುಳಿತುಕೊಳ್ಳುವ ಶಕ್ತಿಯೂ ಇರುತ್ತಿರಲಿಲ್ಲ. ಆದ್ದರಿಂದ 2022ರಲ್ಲಿ, ಅವಸರದಲ್ಲಿ, ಹತ್ತು ವರ್ಷದ ಹಳೆಯ ಕಾರೊಂದನ್ನು ಕೊಂಡೆ. ತಯಾರಕರ ಹೆಸರು ಇಲ್ಲಿ ಬೇಡ. ಅದೇ ಜಾತಿಯ ಗಾಡಿ ಬೇರೆಯವರ ಮನೆಯಲ್ಲಿ ಸುಖವಾಗಿ ಓಡುತ್ತಿರುವುದನ್ನು ಕಂಡಿದ್ದೇನೆ.

ಕೊಂಡ ದಿನ ಪೂಜೆ ಮಾಡಿಸಿದೆವು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಹತ್ತಿಸಿ ಮುಂದೆ ಬಂದೆ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರನ್ನೇ ‘ನಿಂಬೆಹಣ್ಣು’ ಎಂದು ಕರೆಯುತ್ತಾರೆ. ನಾಲ್ಕು ನಿಂಬೆಹಣ್ಣನ್ನು ಜಜ್ಜಿ ಐದನೆಯದರ ಒಳಗೆ ಕುಳಿತಿದ್ದೇನೆಂಬುದು ಆಗ ನನಗೆ ಹೊಳೆಯಲಿಲ್ಲ.

ಮೊದಲನೆಯ ಮಳೆಗಾಲಕ್ಕೆ ಬ್ಯಾಟರಿ ಹೋಯಿತು. ಆಮೇಲೆ ಸ್ಟಾರ್ಟರ್, ಕ್ಲಚ್ಚು, ರೇಡಿಯೇಟರಿನ ಕೊಳವೆ. ಒಂದು ಕಾಯಿಲೆಗೆ ಮದ್ದು ಮಾಡಿದರೆ ಇನ್ನೊಂದು ತಲೆಯೆತ್ತುತ್ತಿತ್ತು. 2024ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ಏರುದಾರಿಯ ನಡುವೆ, ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಗಾಡಿ ನಿಲ್ಲಿಸಿ, ತಾಯಿಯವರನ್ನು ಮರದ ನೆರಳಿನಲ್ಲಿ ಕೂಡಿಸಿದೆ. ಒಂದೂವರೆ ಗಂಟೆಯ ಮೇಲೆ ಹಾಲಿನ ವ್ಯಾನಿನವನೊಬ್ಬ ದಯೆ ತೋರಿ ಹತ್ತಿಸಿಕೊಂಡ. ಆಸ್ಪತ್ರೆ ತಲಪುವ ವೇಳೆಗೆ ನಮ್ಮ ಯಂತ್ರವನ್ನು ಬೇರೊಬ್ಬ ರೋಗಿಗೆ ಕೊಟ್ಟಾಗಿತ್ತು, ಅದು ನ್ಯಾಯವೇ. ದಾದಿಯರು ಹೇಗೋ ಹೊಂದಿಸಿ ರಾತ್ರಿಯ ಕೊನೆಯ ಸರದಿಯಲ್ಲಿ ಜಾಗ ಕೊಟ್ಟರು. ಅಷ್ಟರಲ್ಲಿ ತಾಯಿಯವರಿಗೆ ಉಸಿರು ಸಿಕ್ಕಿಕೊಳ್ಳತೊಡಗಿತ್ತು. ಆ ದಿನ ಅನಾಹುತವೇನೂ ಆಗಲಿಲ್ಲ. ಆಗಬಹುದಾಗಿತ್ತು ಎಂಬುದು ಮಾತ್ರ ನನ್ನ ಮನಸ್ಸಿನಿಂದ ಇಳಿಯಲಿಲ್ಲ.

ಎಂಜಿನ್ ಹೀಗೆ ಕುದಿಯುವುದೇಕೆ? ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರಗಳಿಗೆ ಸಲ್ಲುವುದು ಚಿಕ್ಕ ಪಾಲು. ಉಳಿದದ್ದು ಬಹುಮಟ್ಟಿಗೆ ಶಾಖವಾಗಿಯೇ ಹೋಗುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ಎಂಜಿನ್ನಿನ ಒಳಗೋಡೆಗಳ ನಡುವೆ ದ್ರವವೊಂದು ಸುತ್ತುತ್ತಿರುತ್ತದೆ. ಬರಿಯ ನೀರಲ್ಲ; ಗ್ಲೈಕಾಲ್ ಬೆರೆಸಿದ ಕೂಲೆಂಟು. ಇದು ನೀರಿಗಿಂತ ಹೆಚ್ಚಿನ ಶಾಖದಲ್ಲಿ ಕುದಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ರೇಡಿಯೇಟರಿನಲ್ಲಿ ಗಾಳಿಗೆ ತಣಿದು ಮತ್ತೆ ಒಳಗೆ ಹೋಗುತ್ತದೆ. ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟ ಈ ಸಂಚಾರದ ಬಾಗಿಲುಗಾವಲು. ಹಿಂದಿನ ಮಾಲೀಕ ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದನೆಂದು ಮೆಕ್ಯಾನಿಕ್ಕು ಆಮೇಲೆ ತೋರಿಸಿಕೊಟ್ಟ. ಗಡಸು ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿಯ ಹೆಕ್ಕಳಿಕೆ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿಹೋಗಿದ್ದವು. ಹಾಗೆ ಪದೇ ಪದೇ ಕುದಿದ ಎಂಜಿನ್ನಿನಲ್ಲಿ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವಣ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಕೂಲೆಂಟು ಎಣ್ಣೆಯೊಡನೆ ಬೆರೆಯುತ್ತದೆ. ನನ್ನ ಕಾರಿನಲ್ಲಿ ಆಗಿದ್ದುದು ಅದೇ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾರೂ ತೆರೆಯಬೇಡಿ. ಒತ್ತಡದಲ್ಲಿರುವ ದ್ರವ ಮುಖಕ್ಕೆ ಚಿಮ್ಮಿ ಕಣ್ಣು ಹೋಗುತ್ತದೆ.

ರಿಪೇರಿಗೆ 24,000 ರೂಪಾಯಿ ಎಂದು ಮೆಕ್ಯಾನಿಕ್ಕು ಅಂದಾಜು ಹೇಳಿದ. ಅಂದು ರಾತ್ರಿ ಲೆಕ್ಕದ ಪುಸ್ತಕ ತೆಗೆದು ಕೂಡಿದೆ. ಇಪ್ಪತ್ತೆರಡು ತಿಂಗಳಲ್ಲಿ ದುರಸ್ತಿಗೆ 61,400 ರೂಪಾಯಿ ಹೋಗಿತ್ತು. “ಇಷ್ಟೆಲ್ಲ ಸುರಿದ ಮೇಲೆ ಈಗ ಬಿಟ್ಟರೆ ಅದೆಲ್ಲ ದಂಡವಲ್ಲವೆ? ಇದೊಂದನ್ನು ಮಾಡಿಸಿಬಿಡೋಣ” ಎಂದು ಮನಸ್ಸು ಹೇಳಿತು. ಮಿತ್ರರೇ, ಹದಿನೆಂಟು ವರ್ಷಗಳಿಂದ ನಿಮ್ಮಂಥವರಿಗೆ ‘ಮುಳುಗಿದ ವೆಚ್ಚ’ದ ಪಾಠ ಹೇಳುತ್ತ ಬಂದವನು ನಾನು. ಹೋದ ಹಣ ಕಾರನ್ನು ಇಟ್ಟುಕೊಂಡರೂ ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಆದಕಾರಣ ಮುಂದಿನ ತೀರ್ಮಾನದಲ್ಲಿ ಅದಕ್ಕೆ ಮತವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇಂದಿನಿಂದ ಮುಂದಕ್ಕೆ ಯಾವ ದಾರಿಯಲ್ಲಿ ಖರ್ಚು ಕಡಮೆ, ಕೆಲಸ ಖಚಿತ? ಕರಿಹಲಗೆಯ ಮೇಲೆ ಇದನ್ನು ಬರೆಯುವುದು ಸುಲಭ. ಸ್ವಂತ ಜೇಬಿನ ವಿಷಯಕ್ಕೆ ಬಂದಾಗ ಆ ಪಾಠ ಕಲಿಯಲು ನನಗೆ ಏರುದಾರಿಯ ಆ ಮರದ ನೆರಳೇ ಬೇಕಾಯಿತು.

ಬಾಡಿಗೆ ಕಾರಿನ ಲೆಕ್ಕವನ್ನೂ ಹಾಕಿದೆ. ಸರದಿಯೊಂದಕ್ಕೆ 1,800 ರೂಪಾಯಿಯಂತೆ ವರ್ಷಕ್ಕೆ 104 ಸರದಿ, 1,87,200 ರೂಪಾಯಿ. ಸ್ವಂತ ಗಾಡಿಯೇ ಮೇಲು. ಆದರೆ ಎಂಥದು?

ಇಲ್ಲಿ ನಿಂಬೆಹಣ್ಣಿನ ಶಾಸ್ತ್ರಕ್ಕೆ ಬರೋಣ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1967-68ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಇದ್ದವನು. 1970ರಲ್ಲಿ ಆತ ‘ನಿಂಬೆಹಣ್ಣುಗಳ ಮಾರುಕಟ್ಟೆ’ ಎಂಬರ್ಥದ ಹೆಸರಿನ ಚಿಕ್ಕ ಪ್ರಬಂಧವೊಂದನ್ನು ಪ್ರಕಟಿಸಿದ. ಅದಕ್ಕೆ ಮೊದಲು ಹೆಸರಾಂತ ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. ಮುಂದೆ 2001ರಲ್ಲಿ ಆತನಿಗೆ ಇನ್ನಿಬ್ಬರ ಜೊತೆಯಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅವನ ವಾದ ಇಷ್ಟು: ಹಳೆಯ ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಮೋಸಕ್ಕೆ ಹೆದರಿ ನಡುವಣ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲೊಲ್ಲ, ಕೆಟ್ಟ ಕಾರಿನವನು ಓಡಿಬರುತ್ತಾನೆ. ಒಳ್ಳೆಯವು ಸಂತೆಯಿಂದ ಹಿಂದೆ ಸರಿದಂತೆಲ್ಲ ಬೆಲೆ ಇನ್ನಷ್ಟು ಇಳಿಯುತ್ತದೆ. ಕೊನೆಗೆ ಉಳಿಯುವುದು ನಿಂಬೆಹಣ್ಣುಗಳೇ. ಇದಕ್ಕೆ ಮದ್ದು ಒಂದೇ. ಮಾರುವವನಿಗೆ ತಿಳಿದದ್ದನ್ನು ಕೊಳ್ಳುವವನೂ ತಿಳಿಯುವಂತಾಗಬೇಕು. ಸರ್ವಿಸ್ ದಾಖಲೆ, ಖಾತರಿ ಪತ್ರ, ಪರಿಚಿತ ಮೆಕ್ಯಾನಿಕ್ಕಿನ ಪರೀಕ್ಷೆ ಇವೆಲ್ಲ ಇರುವುದು ಅದಕ್ಕಾಗಿ. ಮೊದಲನೆಯ ಸಲ ನಾನು ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಬಣ್ಣ ಹೊಳೆಯುತ್ತಿತ್ತು, ಕೊಂಡುಬಿಟ್ಟೆ.

ಎರಡನೆಯ ಸಲ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಕಾರು ಯಾರಿಗಾಗಿ, ಯಾವ ದಾರಿಗಾಗಿ? ಕೆಟ್ಟರೆ ನಮ್ಮ ಊರಿನಲ್ಲೇ ಸರಿಮಾಡುವವರು ಇದ್ದಾರೆಯೆ? ಅದು ಈವರೆಗೆ ಬಾಳಿದ ಬಾಳಿಗೆ ಸಾಕ್ಷಿಯೇನು? ಊರಿನಲ್ಲಿ ಸಲಹೆ ಕೊಡುವವರಿಗೆ ಕೊರತೆಯಿರಲಿಲ್ಲ. ಎಲ್ಲರೂ ಕಂಪೆನಿಯ ಹೆಸರಿನಿಂದಲೇ ಮಾತು ಆರಂಭಿಸುತ್ತಿದ್ದರು. ನನ್ನ ಪಟ್ಟಿಯಲ್ಲಿ ಅದು ಕೊನೆಯದು.

ಎರಡನೆಯ ಪ್ರಶ್ನೆಯ ಮಹತ್ವವನ್ನು ನಮ್ಮ ದೇಶದ ಕಾರಿನ ಚರಿತ್ರೆಯೇ ಹೇಳುತ್ತದೆ. ಬಹುಕಾಲ ನಮ್ಮಲ್ಲಿ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಎರಡು ಮೂರು ಗಾಡಿಗಳೇ ಇದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು; ಮೂರು ಸಿಲಿಂಡರು, 796 ಸಿ.ಸಿ. ಎಂಜಿನ್. ಮೂವತ್ತು ವರ್ಷ ತಯಾರಾಗಿ 2014ರ ಜನವರಿಯಲ್ಲಿ ನಿಂತುಹೋಯಿತು. ಅದರ ಮೇಲೆ ಜನರಿಗಿದ್ದ ನಂಬಿಕೆಗೆ ಯಂತ್ರದ ಸರಳತೆ ಒಂದು ಕಾರಣ. ಹೋಬಳಿಯ ಮೆಕ್ಯಾನಿಕ್ಕಿಗೂ ಅದರ ಒಳಹೊರಗು ಗೊತ್ತಿತ್ತು, ಸಣ್ಣ ಊರಿನ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಕೆಡದ ಯಂತ್ರ ಲೋಕದಲ್ಲಿಲ್ಲ. ಕೆಟ್ಟದ್ದು ಅಂದೇ ಸರಿಹೋಗುವಂತಿದ್ದರೆ ಅದನ್ನೇ ನಂಬಬಹುದಾದ ಯಂತ್ರ ಎನ್ನಬೇಕು.

ಇಂಧನದ ವಿಚಾರದಲ್ಲಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ವಾರಕ್ಕೆ ಎರಡು ಸಲ 92 ಕಿಲೋಮೀಟರೆಂದರೆ ವರ್ಷಕ್ಕೆ ಸುಮಾರು 9,600. ಇಷ್ಟು ಓಟಕ್ಕೆ ಡೀಸೆಲ್ ಕಾರಿನ ಹೆಚ್ಚಿನ ಬೆಲೆ, ಹೆಚ್ಚಿನ ದುರಸ್ತಿ ತೂಗುವುದಿಲ್ಲ. ಸಿ.ಎನ್.ಜಿ. ತುಂಬಿಸುವ ಬಂಕು ನಮ್ಮ ಊರಿನಲ್ಲಿರಲಿಲ್ಲ. ವಿದ್ಯುತ್ ಕಾರು ನಮ್ಮ ದೂರಕ್ಕೆ ಸಾಕಾಗುತ್ತಿತ್ತು. ನನ್ನ ಹಣ ಅದಕ್ಕೆ ಸಾಕಾಗುತ್ತಿರಲಿಲ್ಲ. ಪೆಟ್ರೋಲೇ ಸರಿಯೆನಿಸಿತು. ಹಳೆಯ ಕಾರು ಲೀಟರಿಗೆ 14 ಕಿಲೋಮೀಟರು ಕೊಡುತ್ತಿತ್ತು. 18 ಕೊಡುವ ಗಾಡಿ ಸಿಕ್ಕರೆ ವರ್ಷಕ್ಕೆ 150 ಲೀಟರು ಉಳಿಯುತ್ತದೆ. ಲೀಟರಿಗೆ 100 ರೂಪಾಯಿಯೆಂದಿಟ್ಟುಕೊಂಡರೂ 15,000 ರೂಪಾಯಿ.

ಕೊನೆಗೆ ಉಳಿದವು ಎರಡು: 2016ರಲ್ಲಿ ಬಂದ ಟಾಟಾ ಟಿಯಾಗೊ ಮತ್ತು 1999ರಿಂದ ನಮ್ಮ ರಸ್ತೆಗಳಲ್ಲಿರುವ ಮಾರುತಿಯ ವ್ಯಾಗನ್ ಆರ್; ಅದರ ಹೊಸ ರೂಪ 2019ರ ಜನವರಿಯಲ್ಲಿ ಬಂದದ್ದು. ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ದೊಡ್ಡವರ ರಕ್ಷಣೆಗಾಗಿ ವ್ಯಾಗನ್ ಆರ್‌ಗೆ 2019ರಲ್ಲಿ ಎರಡು ನಕ್ಷತ್ರ, ಟಿಯಾಗೊಗೆ 2020ರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿತ್ತು. ಇದನ್ನು ಓದಿ ಒಂದು ವಾರ ತೊಳಲಾಡಿದೆ. ಒಂದು ಕಡೆ ಡಿಕ್ಕಿಯಲ್ಲಿ ಹೆಚ್ಚಿನ ರಕ್ಷಣೆ. ಇನ್ನೊಂದು ಕಡೆ ಎತ್ತರದ ಮೈ, ಎತ್ತರದ ಆಸನ. ಮಂಡಿನೋವಿನ ತಾಯಿಯವರು ಬಗ್ಗದೆ, ಯಾರ ಕೈಯನ್ನೂ ಹಿಡಿಯದೆ ಕುಳಿತುಕೊಳ್ಳಬಲ್ಲರು. ಅದಲ್ಲದೆ ನಮ್ಮ ಬೀದಿಯ ಮೆಕ್ಯಾನಿಕ್ಕು ವ್ಯಾಗನ್ ಆರ್ ಗಾಡಿಗಳ ಮೇಲೆಯೇ ಕೈ ಪಳಗಿಸಿಕೊಂಡವನು. ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆಯನ್ನು ನಾವು ‘ಅವಕಾಶ ವೆಚ್ಚ’ ಎನ್ನುತ್ತೇವೆ. ಇಲ್ಲಿ ಅದು ಎರಡು ನಕ್ಷತ್ರ. ತಿಳಿದೇ ತೆತ್ತೆ. ಅದಕ್ಕೆ ಬದಲಾಗಿ ಎರಡು ಷರತ್ತು ಹಾಕಿಕೊಂಡೆ: ಎರಡು ಗಾಳಿಚೀಲ ಮತ್ತು ಎ.ಬಿ.ಎಸ್. ಬ್ರೇಕು ಇರುವ ಗಾಡಿಯೇ ಆಗಬೇಕು, ಮತ್ತು ಆ ರಸ್ತೆಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರು ದಾಟಬಾರದು. ಎಳೆಯ ಮಕ್ಕಳಿರುವವರು, ಹೆದ್ದಾರಿಯಲ್ಲಿ ದಿನವೂ ಓಡಾಡುವವರು ನನ್ನ ಉತ್ತರವನ್ನು ನಕಲು ಮಾಡಬಾರದು. ಅವರ ಪ್ರಶ್ನೆಯೇ ಬೇರೆ.

ಮುಂದೆ ಗಾಡಿಯ ಪರೀಕ್ಷೆ. ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಒಟ್ಟು ಆರು ಗಾಡಿ ನೋಡಿದೆ. ಅವನು ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ. ಗಾಡಿಯನ್ನು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಬೇಕು. ಮಾಲೀಕ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿರಬಹುದು. ಎಣ್ಣೆಯ ಮುಚ್ಚಳ ತೆಗೆದು ಅಡಿಯಲ್ಲಿ ನೋಡಬೇಕು. ಮಜ್ಜಿಗೆಯ ನೊರೆಯಂಥದು ಅಂಟಿದ್ದರೆ ಎಣ್ಣೆಗೆ ನೀರು ಸೇರುತ್ತಿರುವ ಅನುಮಾನ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಬಿಸಿಯಾದ ಮೇಲೂ ದಟ್ಟನೆಯ ಬಿಳಿ ಹೊಗೆ ಬಂದರೆ ಕೂಲೆಂಟು ಒಳಗೆ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆ. ಟೈರು ಒಂದೇ ಬದಿಗೆ ಸವೆದಿದ್ದರೆ ಚಕ್ರಗಳ ನೇರ ತಪ್ಪಿದೆ. ಬಾನೆಟ್ಟು, ಬಾಗಿಲುಗಳ ಬೋಲ್ಟಿನ ಮೇಲಣ ಬಣ್ಣ ಕಿತ್ತಿದ್ದರೆ ಅವನ್ನು ಯಾರೋ ಬಿಚ್ಚಿದ್ದಾರೆ, ಏಕೆಂದು ಕೇಳಿ. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಪ್ರವಾಹದ ನೀರಿನಲ್ಲಿ ಮುಳುಗಿದ್ದ ಗಾಡಿಯಾದರೆ ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಮೀಟರು 30,000 ಕಿಲೋಮೀಟರು ತೋರಿಸಿ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ರಬ್ಬರಿನ ಮಾತನ್ನು ನಂಬಿ.

ಎಂಜಿನ್ನಿನಲ್ಲಿ ಕವಾಟಗಳನ್ನು ಕಾಲಕ್ಕೆ ಸರಿಯಾಗಿ ತೆರೆಯಿಸಿ ಮುಚ್ಚಿಸುವ ಪಟ್ಟಿಯಿದೆಯೋ ಸರಪಳಿಯಿದೆಯೋ ಎಂಬುದನ್ನೂ ಕೇಳಬೇಕು. ರಬ್ಬರಿನ ಪಟ್ಟಿಯಾದರೆ ತಯಾರಕರು ಹೇಳಿದ ಗಡುವಿಗೆ ಬದಲಿಸಲೇಬೇಕು. ಓಡುವಾಗ ಕಡಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿದು ಎಲ್ಲವೂ ಹಾಳಾಗುತ್ತದೆ. ನಾನು ನೋಡುತ್ತಿದ್ದ 998 ಸಿ.ಸಿ. ಎಂಜಿನ್ನಿನಲ್ಲಿ ಸರಪಳಿಯಿತ್ತು. ಸಕಾಲಕ್ಕೆ ಎಣ್ಣೆ ಬದಲಿಸಿದರೆ ಅದು ದೀರ್ಘಕಾಲ ಬಾಳುತ್ತದೆ.

ಆರರಲ್ಲಿ ನಾಲ್ಕನ್ನು ಮೆಕ್ಯಾನಿಕ್ಕು ಹತ್ತು ನಿಮಿಷದಲ್ಲಿ ತಳ್ಳಿಹಾಕಿದ. ಐದನೆಯದು ಚೆನ್ನಾಗಿತ್ತು, ದಾಖಲೆಯಿರಲಿಲ್ಲ. ಆರನೆಯದು ನಿವೃತ್ತ ಉದ್ಯೋಗಸ್ಥರೊಬ್ಬರದು. 2019ರ ಕೊನೆಯಲ್ಲಿ ನೋಂದಣಿಯಾದದ್ದು. ಬಾಗಿಲಿಗೆ ಗೀರು, ಹಿಂದಿನ ಬಂಪರಿಗೆ ಏಟು. ನೋಡಲು ಐದನೆಯದಕ್ಕಿಂತ ಕೀಳು. ಆದರೆ ಪ್ರತಿಯೊಂದು ಸರ್ವಿಸ್ಸಿನ ರಸೀತಿಯನ್ನೂ ದಿನಾಂಕವಾರು ದಾರದಲ್ಲಿ ಪೋಣಿಸಿಟ್ಟಿದ್ದರು. ಆ ರಸೀತಿಗಳ ಸರವನ್ನೇ ನಾನು ಕೊಂಡೆನೆಂದರೂ ಸಲ್ಲುತ್ತದೆ.

ಕಾಗದಪತ್ರಗಳ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ನೋಂದಣಿ ಪುಸ್ತಕದಲ್ಲಿನ ಎಂಜಿನ್, ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಡನೆ ಹೋಲಿಸಿ. ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಋಣಮುಕ್ತ ಪತ್ರ ಮತ್ತು 35ನೆಯ ನಮೂನೆ ಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಬಾಕಿ ದಂಡಗಳಿವೆಯೇ ಎಂದು ನೋಡಿ. ವರ್ಗಾವಣೆಯಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ಹಳೆಯ ಮಾಲೀಕನ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಹೊಸ ಕಾರನ್ನೇ ಕೊಳ್ಳಬೇಕೆನ್ನುವವರು ಒಂದನ್ನು ಗಮನಿಸಬೇಕು: 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದವಲ್ಲದ, 1,200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಣ ಉಪಕರವೂ ಹೋಯಿತು. ನಾನು ಕೊಂಡದ್ದು ಅದಕ್ಕೆ ಮೊದಲು, 2024ರಲ್ಲಿ. ಅಂದಿನ ಲೆಕ್ಕವನ್ನು ಇಂದು ಮತ್ತೊಮ್ಮೆ ಹಾಕಿ ನೋಡಬೇಕು.

ಹೊಸದು ಮನೆಗೆ ಬಂದಿತು. ಹಳೆಯದು ಅಂಗಳದಲ್ಲಿ ನಿಂತಿತ್ತು. ಈಗ ಮಾರುವವನ ಸ್ಥಾನದಲ್ಲಿದ್ದವನು ನಾನು. ದಲ್ಲಾಳಿಯೊಬ್ಬ ಬಂದು, “ಸ್ವಾಮಿ, ಕೂಲೆಂಟು ತುಂಬಿಸಿ, ಪಾಲಿಶ್ ಹೊಡೆಸಿ, ಬೆಳಗಿನ ತಂಪಿನಲ್ಲಿ ತೋರಿಸಿದರೆ 90,000ಕ್ಕೆ ಮೋಸವಿಲ್ಲ” ಎಂದ. ಮೋಸವಿಲ್ಲ ಎಂಬ ಶಬ್ದವನ್ನು ಅವನು ಬೇರೆ ಅರ್ಥದಲ್ಲಿ ಬಳಸಿದ್ದ. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಆಸೆಯಾಯಿತು. ನನಗೆ ಇನ್ನೊಬ್ಬ ಮಾಡಿದ್ದನ್ನೇ ನಾನು ಮಗುದೊಬ್ಬನಿಗೆ ಮಾಡುವುದು. ಲೆಕ್ಕ ಸರಿಹೋಗುತ್ತದೆ ಎಂದಿತು ಮನಸ್ಸು. ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ತಾಯಿಯವರು, “ಕೊಳ್ಳುವವರ ಮನೆಯಲ್ಲೂ ಒಬ್ಬ ಮುದುಕಿ ಇದ್ದಾಳು ಕಣಪ್ಪ” ಎಂದರು. ಅಷ್ಟೇ. ಅಕರ್ಲಾಫನ ಪ್ರಬಂಧವನ್ನು ಅವರು ಓದಿಲ್ಲ.

ಗ್ಯಾಸ್ಕೆಟ್ಟು ಸುಟ್ಟಿದೆ, ಏರಿನಲ್ಲಿ ಕುದಿಯುತ್ತದೆ ಎಂದು ಬರೆದೇ ಕೊಟ್ಟು ಮಾರಿದೆ. ಬಿಡಿಭಾಗಗಳ ವ್ಯಾಪಾರಿಯೊಬ್ಬ 38,000 ಕೊಟ್ಟು ಕೊಂಡೊಯ್ದ. ವ್ಯತ್ಯಾಸದ 52,000 ರೂಪಾಯಿಯನ್ನು ಲೆಕ್ಕದ ಪುಸ್ತಕದ ಯಾವ ಬಾಬಿನಲ್ಲಿ ಬರೆಯಬೇಕೆಂದು ಇಂದಿಗೂ ತಿಳಿದಿಲ್ಲ. ಖಾಲಿ ಬಿಟ್ಟಿದ್ದೇನೆ.

ಈಗ ಮಂಗಳವಾರ, ಶುಕ್ರವಾರ ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ. ಬಾನೆಟ್ಟು ತೆರೆದು ಎಣ್ಣೆ, ಕೂಲೆಂಟುಗಳ ಮಟ್ಟ ನೋಡಲು ಎರಡು ನಿಮಿಷ. ಆ ಮರದ ಹತ್ತಿರ ಬಂದಾಗ ನಾನು ಶಾಖದ ಗುರುತಿನ ಕಡೆ ಕಣ್ಣು ಹಾಯಿಸುತ್ತೇನೆ. ತಾಯಿಯವರು ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತಾರೆ. ಏಳು ಗಂಟೆಗೆ ಆಸ್ಪತ್ರೆ. ಕಾಲೇಜಿನ ಗೆಳೆಯರು, “ಏನು ಸ್ವಾಮಿ, ಹೊಸ ಗಾಡಿಯ ಸುದ್ದಿಯೇ ಇಲ್ಲ?” ಎಂದು ಕೇಳುತ್ತಾರೆ. ಹೇಳುವುದಕ್ಕೆ ಸುದ್ದಿಯೇನೂ ಇಲ್ಲ. ಅಂತಿಮ ಬಿ.ಎ. ತರಗತಿಯ ದೃಢಕಾಯರಿಗೆ ಮಾತ್ರ ಸಂಜೆಯ ವ್ಯಾಯಾಮ ತಪ್ಪಿದೆ. ಅವರ ಕ್ಷಮೆ ಕೋರುತ್ತೇನೆ.